ಪಾಲೋ ಆಲ್ಟೋ ಕನ್ನಡಿಗರ ಆಂಗ್ಲ ನುಡಿಗಟ್ಟು ಪ್ರಯೋಗ: ವಸಾಹತೋತ್ತರ ಪರಿಪ್ರೇಕ್ಷ್ಯದಲ್ಲಿ ಒಂದು ತಾತ್ವಿಕ ಪೂರ್ವಪೀಠಿಕೆ

ಪ್ರಸ್ತುತ ಅಧ್ಯಯನದ ವ್ಯಾಪ್ತಿ ಯೂನಿವರ್ಸಿಟಿ ಅವೆನ್ಯೂವಿನಿಂದ ಸ್ಟ್ಯಾನ್‌ಫರ್ಡ್ ರಿಸರ್ಚ್ ಪಾರ್ಕ್‌ವರೆಗೆ. 1939ರಲ್ಲಿ ಹ್ಯೂಲೆಟ್-ಪ್ಯಾಕರ್ಡ್ ಕಂಪನಿ ಶುರುವಾದ ಅಡಿಸನ್ ಅವೆನ್ಯೂವಿನ ಗ್ಯಾರೇಜೂ ಇದರೊಳಗೇ ಬರುತ್ತದೆ. ಅದಕ್ಕೂ ವಿಷಯಕ್ಕೂ ಸಂಬಂಧವಿಲ್ಲ. ಆದರೆ ಗ್ಯಾರೇಜಿಗೆ ಕೈಮುಗಿಯದ ಪ್ರಬಂಧವನ್ನು ಈ ಊರಲ್ಲಿ ಯಾರೂ ಓದುವುದಿಲ್ಲ.

ನುಡಿಗಟ್ಟು-ಸಂಕಥನದ ಭಾಗೀದಾರರನ್ನು ಮೂರು ವರ್ಗಗಳಾಗಿ ವಿಂಗಡಿಸಬಹುದು. ಮೊದಲನೆಯವರು ‘ನಿಖರತಾನಿಷ್ಠರು’: ಮ್ಯಾನೇಜರ್ ‘ಬಾಲ್‌ಪಾರ್ಕ್ ಫಿಗರ್’ ಕೊಡಿ ಎಂದರೆ ರಾತ್ರಿಯಿಡೀ ಕೂತು, ದಶಮಾಂಶದ ಎರಡು ಸ್ಥಾನದವರೆಗೆ ಲೆಕ್ಕ ಹಾಕಿ ಎಕ್ಸೆಲ್ ಶೀಟ್ ಕಳಿಸುವವರು. ಎರಡನೆಯವರು ‘ವ್ಯಾಕರಣಮೂಲಭೂತವಾದಿಗಳು’: ಕೆಲಸ ಎರಡಿದ್ದರೆ ‘ಪೀಸಸ್ ಆಫ್ ಕೇಕ್ಸ್’ ಎಂದು ಬಹುವಚನ ಮಾಡುವವರು. ಮೂರನೆಯ ವರ್ಗಕ್ಕೆ ಹೆಸರಿಡುವ ಹುಮ್ಮಸ್ಸು ಸಂಶೋಧಕರಲ್ಲಿ ಉಳಿದಿಲ್ಲ.

ಮೂಲಾಕರಗಳ ಅನುಶೋಧನೆಯಿಂದ ತಿಳಿದುಬರುವುದೇನೆಂದರೆ, ‘ಟಚ್ ಬೇಸ್’, ‘ಬಾಲ್‌ಪಾರ್ಕ್’, ‘ಕರ್ವ್‌ಬಾಲ್’, ‘ಲೆಫ್ಟ್ ಫೀಲ್ಡ್’ ಎಲ್ಲವೂ ಬೇಸ್‌ಬಾಲ್ ಮೈದಾನದವು. ಇಲ್ಲಿನ ಬೇಸ್‌ಬಾಲ್ ತಂಡ ಜೈಂಟ್ಸೇ ನ್ಯೂಯಾರ್ಕ್ ಬಿಟ್ಟು ಸ್ಯಾನ್ ಫ್ರಾನ್ಸಿಸ್ಕೋಗೆ ಬಂದದ್ದು 1958ರಲ್ಲಿ. ಜಿ.ಆರ್. ವಿಶ್ವನಾಥರ ಸ್ಕ್ವೇರ್ ಕಟ್ ಬಗ್ಗೆ ಕೇಳುತ್ತಾ ಬೆಳೆದವನು ಈ ಆಟವನ್ನು ಮೀಟಿಂಗಿನಲ್ಲೇ ಕಲಿಯಬೇಕು. ಅವನು ‘ಕ್ಲೈಂಟ್ ಗೂಗ್ಲಿ ಹಾಕಿದ’ ಎಂದರೆ ಮಾತ್ರ ಕೋಣೆಯೆಲ್ಲ ನಿಶ್ಶಬ್ದ.

‘ಡೂ ದಿ ನೀಡ್‌ಫುಲ್’ ಕತೆ ಇನ್ನೂ ಚೆಂದ. ಬ್ರಿಟಿಷರೇ ಕಚೇರಿಯ ಕಾಗದಗಳಲ್ಲಿ ಬರೆದು, ನಮ್ಮ ಗುಮಾಸ್ತರಿಗೆ ಕಲಿಸಿಕೊಟ್ಟು, ಆಮೇಲೆ ತಾವು ಮರೆತ ಮಾತದು. ನೆನಪಿಟ್ಟುಕೊಂಡವರು ನಗೆಪಾಟಲು. ‘ಪ್ರಿಪೋನ್’ಗೆ ಆಕ್ಸ್‌ಫರ್ಡ್ ನಿಘಂಟು ಜಾಗ ಕೊಟ್ಟಿದೆ, ಕಾನ್ಫರೆನ್ಸ್ ರೂಮು ಕೊಟ್ಟಿಲ್ಲ.

ಇಲ್ಲಿ ಪಾರಿಭಾಷಿಕ ಪದಗಳು ಸಾಕು. ಬೆಳಗಿನಿಂದ ಸಂಜೆವರೆಗೆ ‘ಸರ್ಕಲ್ ಬ್ಯಾಕ್’, ‘ಲೋ ಹ್ಯಾಂಗಿಂಗ್ ಫ್ರೂಟ್’ ಎಂದು ಜಪಿಸುವವರದು ಒಳ್ಳೆಯ ಇಂಗ್ಲಿಷಂತೆ! ಬಗ್ಗು ಎಲ್ಲಿದೆಯೆಂದು ನೆಟ್ಟಗೆ ಹೇಳಿದವನ ಅಪ್ರೈಸಲ್‌ನಲ್ಲಿ ‘ಕಮ್ಯುನಿಕೇಶನ್ ಸುಧಾರಿಸಬೇಕು’ ಎಂಬ ಷರಾ. ಯಾರು ಯಾರಿಗೆ ಅರ್ಥವಾಗುವಂತೆ ಮಾತಾಡಬೇಕು, ಸ್ವಾಮಿ?

ಇನ್ನೊಂದು ಟೀಮಿನ ತಪ್ಪಿಗೆ ತನ್ನ ಟೀಮನ್ನು ತರಾಟೆಗೆ ತೆಗೆದುಕೊಂಡಾಗ ಮಂಡ್ಯದ ಎಂಜಿನಿಯರ್‌ಗೆ ನಾಲಿಗೆ ತುದಿಯಲ್ಲೇ ಇರುತ್ತದೆ: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ. ಅದಕ್ಕಿಂತ ಪಕ್ಕಾ ಮಾತು ಆ ಕೋಣೆಯಲ್ಲಿ ಯಾರ ಬಳಿಯೂ ಇಲ್ಲ. ಅದನ್ನು ನುಂಗಿಕೊಂಡು ‘ಶೂರ್, ಲೆಟ್ಸ್ ಟೇಕ್ ಇಟ್ ಆಫ್‌ಲೈನ್’ ಎನ್ನುತ್ತಾನೆ. ಊರಿಗೆ ಫೋನ್ ಮಾಡಿದಾಗಲೂ ಈಗ ಆ ‘ಆಫ್‌ಲೈನ್’ ಮಾತೇ ಮೊದಲು ಬಾಯಿಗೆ ಬರುತ್ತದಂತೆ.

ಓದುಗರಲ್ಲಿ ಒಂದೇ ಬಿನ್ನಹ: ಮುಂದಿನ ಮೀಟಿಂಗಿನಲ್ಲಿ ಯಾರಾದರೂ ‘ಕರ್ವ್‌ಬಾಲ್’ ಎಂದರೆ, ಗೂಗ್ಲಿ ಎಂದರೇನೆಂದು ಅವರಿಗೂ ಒಂದು ನಿಮಿಷ ಹೇಳಿಕೊಡಿ. ಅವರೂ ಸ್ವಲ್ಪ ಕಲಿಯಲಿ.