ಸಾಹುಕಾರ್ರು ಬಂದರು, ದಾರಿ ಬಿಡಿ

ಫುಟ್‌ಬಾಲ್ ಕ್ಲಬ್ಬೊಂದು ಕೈ ಬದಲಾದ ದಿನ ಅಭಿಮಾನಿಗಳು ಕೇಳುವುದು ಒಂದೇ ಪ್ರಶ್ನೆ: ಆಸಾಮಿ ಎಷ್ಟು ದೊಡ್ಡ ಕುಳ? ಅವನಿಗೆ ಆಟ ಗೊತ್ತಾ, ಊರು ಗೊತ್ತಾ, ಗೊತ್ತಿದ್ದವರ ಮಾತು ಕೇಳುವ ವ್ಯವಧಾನವಾದರೂ ಇದೆಯಾ ಎಂದು ಯಾರಾದರೂ ಬಾಯಿ ತೆರೆದರೋ, ಅವನು ಅಪಶಕುನ. ಕ್ಲಬ್ ಉದ್ಧಾರವಾಗುವುದನ್ನು ಕಂಡರೆ ಹೊಟ್ಟೆ ಉರಿಯುವವನು. ಪಬ್ಬಿನಲ್ಲಿ ಅವನ ಪಕ್ಕದ ಕುರ್ಚಿ ಖಾಲಿಯಾಗುತ್ತದೆ.

ಈ ಕಾಯಿಲೆ ಇಂಗ್ಲೆಂಡಿನ ತುಂಬ ಇದೆ. ಆದರೆ ಅದರ ಪೂರ್ಣ ಲಕ್ಷಣ ನೋಡಬೇಕೆಂದರೆ ಲ್ಯಾಂಕಾಷೈರಿನ ಬ್ಲ್ಯಾಕ್‌ಬರ್ನಿಗೇ ಹೋಗಬೇಕು. ಅಲ್ಲಿನ ರೋವರ್ಸ್ ಕ್ಲಬ್ಬನ್ನು 2010ರ ನವೆಂಬರಿನಲ್ಲಿ ಕೊಂಡವರು ನಮ್ಮ ಪಕ್ಕದ ಪುಣೆಯವರು, ಕೋಳಿ ವ್ಯಾಪಾರದ ವೆಂಕೀಸ್. ಕೊಟ್ಟ ಬೆಲೆ 2.3 ಕೋಟಿ ಪೌಂಡ್, ಮೇಲೆ ಕ್ಲಬ್ಬಿನ ಸಾಲದ ಹೊರೆ. ಒಂದು ಕಾಲಕ್ಕೆ ಗಿರಣಿ ಬಟ್ಟೆಯನ್ನು ಹಡಗುಗಟ್ಟಲೆ ನಮಗೆ ಮಾರಿದ ಸೀಮೆ ಅದು. ಆ ಬಟ್ಟೆ ಬೇಡ ಎಂದ ಗಾಂಧೀಜಿ 1931ರಲ್ಲಿ ಪಕ್ಕದ ಡಾರ್ವೆನ್‌ಗೇ ಹೋಗಿ ಗಿರಣಿ ಕಾರ್ಮಿಕರನ್ನು ಮಾತನಾಡಿಸಿ ಬಂದಿದ್ದರು. ಎಂಬತ್ತು ವರ್ಷ ಆಗುವುದರೊಳಗೆ ಅದೇ ಸೀಮೆಯವರು ಪುಣೆಯಿಂದ ಹಣದ ಮೂಟೆ ಇಳಿಯುತ್ತದೆಂದು ಕತ್ತು ಉದ್ದ ಮಾಡಿ ನಿಂತರು. ಲೆಕ್ಕ ಚುಕ್ತಾ ಆಗುವುದು ಹೀಗೂ ಉಂಟು.

ಅವರನ್ನು ಪೂರ್ತಿ ಬೈಯುವ ಹಾಗೂ ಇಲ್ಲ. ಆ ಊರಿನಲ್ಲಿ ದುಡ್ಡು ಒಮ್ಮೆ ನಿಜಕ್ಕೂ ಪವಾಡ ಮಾಡಿತ್ತು. ಜಾಕ್ ವಾಕರ್ ಎಂಬ ಉಕ್ಕಿನ ವ್ಯಾಪಾರಿ, ಅದೇ ಊರಲ್ಲಿ ಹುಟ್ಟಿದವನು, ತನ್ನ ವ್ಯಾಪಾರವನ್ನು ಬ್ರಿಟಿಷ್ ಸ್ಟೀಲಿಗೆ 30 ಕೋಟಿ ಪೌಂಡಿಗೂ ಮೇಲೆ ಮಾರಿ, ಎರಡನೇ ದರ್ಜೆಯಲ್ಲಿ ತೆವಳುತ್ತಿದ್ದ ಕ್ಲಬ್ಬನ್ನು 1991ರಲ್ಲಿ ಕೈಗೆ ತೆಗೆದುಕೊಂಡ. ಕೆನ್ನಿ ಡಾಲ್ಗ್ಲಿಷ್ ಮ್ಯಾನೇಜರ್ ಆಗಿ ಬಂದ, ಬ್ರಿಟನ್ನಿನ ಅಂದಿನ ದಾಖಲೆ ಬೆಲೆಗೆ ಅಲನ್ ಶಿಯರರ್ ಬಂದ. 1995ರ ಮೇ ತಿಂಗಳಲ್ಲಿ ರೋವರ್ಸ್ ಪ್ರೀಮಿಯರ್ ಲೀಗ್ ಚಾಂಪಿಯನ್. ಅದೂ ಕೊನೆಯ ಪಂದ್ಯದಲ್ಲಿ ಲಿವರ್‌ಪೂಲ್ ಎದುರು 2-1ರಲ್ಲಿ ಸೋತು! ಅತ್ತ ಮ್ಯಾಂಚೆಸ್ಟರ್ ಯುನೈಟೆಡ್ ಗೆಲ್ಲಲಾಗದೆ ಡ್ರಾ ಮಾಡಿಕೊಂಡದ್ದರಿಂದ ಕಪ್ ಇತ್ತ ಬಂತು. ಸೋತರೂ ಕಪ್ ಕೊಡಿಸುವ ದುಡ್ಡನ್ನು ಯಾರು ಮರೆಯುತ್ತಾರೆ? ಮರೆತದ್ದು ಬೇರೆ. ವಾಕರ್ ಆಟ ಬಲ್ಲವನೊಬ್ಬನನ್ನು ತಂದು ಅವನ ಕೈಗೆ ತಂಡ ಒಪ್ಪಿಸಿದ್ದ. ಅಂಥ ವಾಕರ್ ಬದುಕಿರುವಾಗಲೇ, ಕಪ್ ಗೆದ್ದ ನಾಲ್ಕೇ ವರ್ಷಕ್ಕೆ, ಅದೇ ತಂಡ ಕೆಳಗಿನ ದರ್ಜೆಗೆ ಜಾರಿಯೂ ಇತ್ತು.

ನಮ್ಮ ಕಥೆಯ ಅಜ್ಜಿಗೆ ತನ್ನ ಕೋಳಿ ಕೂಗಿದ್ದರಿಂದಲೇ ಊರಿಗೆ ಬೆಳಗಾಗುತ್ತದೆ ಎಂಬ ನಂಬಿಕೆ ಇತ್ತಲ್ಲ, ಬ್ಲ್ಯಾಕ್‌ಬರ್ನಿನವರದು ಅದಕ್ಕಿಂತ ಒಂದು ಹೆಜ್ಜೆ ಮುಂದೆ: ಒಂದು ಕೋಳಿ ಕೂಗಿ ಬೆಳಗಾಯಿತಲ್ಲವೇ, ಇನ್ನೊಂದು ತಂದರಾಯಿತು. ಈ ಸಲವಂತೂ ಕೋಳಿಯ ಸರಬರಾಜಿಗೆ ಕೊರತೆಯೇ ಇರಲಿಲ್ಲ.

ಹೊಸ ಮಾಲೀಕರು ಬಂದ ಎಂಟನೇ ದಿನ ತಂಡ ಮ್ಯಾಂಚೆಸ್ಟರ್ ಯುನೈಟೆಡ್ಡಿನ ಓಲ್ಡ್ ಟ್ರಾಫರ್ಡಿನಲ್ಲಿ 7-1ರಿಂದ ಹೊಡೆತ ತಿಂದಿತು. ಐದು ಗೋಲು ಬರ್ಬಟೋವ್ ಒಬ್ಬನದೇ. ಆ ಡಿಸೆಂಬರಿನಲ್ಲಿ ರೋವರ್ಸ್ ಮೈದಾನವಾದ ಈವುಡ್ ಪಾರ್ಕಿನ ಆಸುಪಾಸಿನ ಪಬ್ ಮೇಜುಗಳಲ್ಲಿ ಮಾತು ಹೀಗೆ ನಡೆದಿರಬೇಕು:

"ಮೂರು ವರ್ಷ ಕಣೋ. ಬರೆದಿಟ್ಕೋ, ಚಾಂಪಿಯನ್ಸ್ ಲೀಗ್."

"ಈಗ ಹದಿಮೂರನೇ ಜಾಗದಲ್ಲಿದ್ದೀವಲ್ಲೋ ಮಾರಾಯ."

"ನಾನೂ ಅದೇ ಹೇಳ್ತಿರೋದು. ಮೇಲೆ ಎಷ್ಟೊಂದು ಜಾಗ ಇದೆ ನೋಡು!"

"ಕೆಳಗೂ ಏಳು ಇದೆ."

"ನಿನ್ನಂಥೋರಿಂದಲೇ ಈ ಕ್ಲಬ್ ಉದ್ಧಾರ ಆಗದೇ ಇರೋದು."

ಮಾಲೀಕರ ಆಸೆಯೂ ಈ ಆಶಾವಾದಿಯ ಆಸೆಯಷ್ಟೇ ಎತ್ತರಕ್ಕಿತ್ತು. ತಂಡ ನಾಲ್ಕನೇ, ಐದನೇ ಸ್ಥಾನದಲ್ಲಿರಬೇಕು, ಇನ್ನೂ ಮೇಲೆ ಹೋದರೆ ಬೇಡವೆನ್ನುವುದಿಲ್ಲ ಎಂಬ ಧಾಟಿ. ಮ್ಯಾನೇಜರ್ ಸ್ಯಾಮ್ ಅಲರ್ಡೈಸ್ ಕೂಡ ಕಡಿಮೆ ಇರಲಿಲ್ಲ. ತನಗೆ ಇಂಟರ್ ಮಿಲಾನೋ ರಿಯಲ್ ಮ್ಯಾಡ್ರಿಡ್ಡೋ ಆದರೆ ಸರಿ ಹೊಂದುತ್ತದೆ ಎಂದು ಆ ವರ್ಷವೇ ಹೇಳಿಕೊಂಡಿದ್ದ ಮನುಷ್ಯ. ಅಂತೂ ಹದಿಮೂರನೇ ಸ್ಥಾನದ ಆ ಕ್ಲಬ್ಬಿನಲ್ಲಿ ಮಹತ್ವಾಕಾಂಕ್ಷೆಗೆ ಮಾತ್ರ ಬರ ಇರಲಿಲ್ಲ. ಡಿಸೆಂಬರ್ 13ರಂದು ಅಲರ್ಡೈಸ್‌ಗೆ ಗೇಟ್ ತೋರಿಸಿದರು. ಅವನ ಜಾಗಕ್ಕೆ ಬಂದವನು ಅಲ್ಲೇ ಕೋಚ್ ಆಗಿದ್ದ ಸ್ಟೀವ್ ಕೀನ್. ಅದಕ್ಕೆ ಮೊದಲು ಯಾವ ಕ್ಲಬ್ಬಿಗೂ ಮ್ಯಾನೇಜರ್ ಆಗಿದ್ದವನಲ್ಲ. ಜೊತೆಗೆ ಜನವರಿಯ ಖರೀದಿಗೆ ರೊನಾಲ್ಡಿನೊ ಹೆಸರು ತೇಲಿಬಂತು. ಬ್ರೆಜಿಲಿನ ಆ ಮಾಂತ್ರಿಕ ಲ್ಯಾಂಕಾಷೈರಿನ ಜಡಿಮಳೆಯಲ್ಲಿ ವಿಗನ್ ವಿರುದ್ಧ ಆಡಲು ಬರುತ್ತಾನೆ ಎಂದು ನಂಬಿದವರಿದ್ದರು. ಆತ ಅದೇ ಜನವರಿಯಲ್ಲಿ ರಿಯೊದ ಫ್ಲಮೆಂಗೊ ಸೇರಿಕೊಂಡ. ನಮ್ಮ ಆಶಾವಾದಿ ಬಿಡುವವನೇ? "ಕೇಳೋಕಾದ್ರೂ ಕೇಳಿದ್ರಲ್ಲ, ಹಳಬರು ಕೇಳ್ತಿದ್ರಾ?"

ಆಮೇಲೆ ಟಿವಿಯಲ್ಲಿ ವೆಂಕೀಸ್ ಜಾಹೀರಾತು ಬಂತು. ಪ್ರೀಮಿಯರ್ ಲೀಗಿನ ಆಟಗಾರರು ಡ್ರೆಸ್ಸಿಂಗ್ ರೂಮಿನಲ್ಲಿ ಸಾಲಾಗಿ ಕುಳಿತು ಕೋಳಿ ಕಾಲು ಕಡಿಯುವ ದೃಶ್ಯ. ಪಂದ್ಯಕ್ಕೆ ಮುಂಚೆ ಏನು ತಿನ್ನಬೇಕೆಂದು ಆಹಾರತಜ್ಞರು ತಲೆ ಕೆಡಿಸಿಕೊಳ್ಳುವ ಕಾಲದಲ್ಲಿ ಇದಕ್ಕೆ ಧೈರ್ಯ ಬೇಕು. ಅಭಿಮಾನಿಗಳು ಸಾಲು ಸಾಲು ಪ್ರತಿಭಟನೆ ಮಾಡಿದರು. 2012ರ ಮೇ 7ರ ರಾತ್ರಿ, ಅದೇ ವಿಗನ್ ಎದುರು, ಮನೆಯಂಗಳದಲ್ಲೇ 1-0ರಿಂದ ಸೋತು ರೋವರ್ಸ್ ಪ್ರೀಮಿಯರ್ ಲೀಗಿನಿಂದ ಹೊರಬಿತ್ತು. ಪಂದ್ಯದ ನಡುವೆ ಯಾರೋ ಪುಣ್ಯಾತ್ಮರು ಕ್ಲಬ್ಬಿನ ಬಾವುಟ ಹೊದಿಸಿದ ಜೀವಂತ ಕೋಳಿಯೊಂದನ್ನು ಮೈದಾನಕ್ಕೆ ಬಿಟ್ಟರು. ಅಂದು ಮೈದಾನದಲ್ಲಿ ಚುರುಕಾಗಿ ಓಡಾಡಿದ ರೋವರ್ಸ್ ಸದಸ್ಯ ಅದೊಂದೇ ಎನ್ನಬೇಕು.

ಮುಂದಿನದನ್ನು ಬೇಗ ಹೇಳಿಬಿಡುತ್ತೇನೆ. ಕೀನ್ ಹೋದ. ವಾಕರ್ ಕಾಲದಲ್ಲಿ ಕಪ್ ಗೆದ್ದ ತಂಡದಲ್ಲಿದ್ದ ಹೆನಿಂಗ್ ಬರ್ಗ್ ಮ್ಯಾನೇಜರ್ ಆಗಿ ಬಂದು 57 ದಿನಕ್ಕೆ ಹೋದ. ಆಡಿದ ಹತ್ತು ಪಂದ್ಯದಲ್ಲಿ ಗೆದ್ದದ್ದು ಒಂದು. ಆದರೂ ಒಪ್ಪಂದದ ಬಾಕಿ ಎಂದು ಅವನಿಗೆ 22.5 ಲಕ್ಷ ಪೌಂಡ್ ಕೊಡಬೇಕೆಂದು ಇಂಗ್ಲೆಂಡಿನ ಹೈಕೋರ್ಟ್ ಹೇಳಿತು. ಆಮೇಲಿನ ಮೈಕಲ್ ಆಪಲ್ಟನ್ 67 ದಿನ ನಿಂತ. ಪ್ರಗತಿ ಇಲ್ಲ ಎನ್ನಲಾಗದು, ಹತ್ತು ದಿನ ಹೆಚ್ಚು. 2017ರಲ್ಲಿ ತಂಡ ಮೂರನೇ ದರ್ಜೆಗೂ ಇಳಿಯಿತು. ಪ್ರೀಮಿಯರ್ ಲೀಗ್ ಗೆದ್ದ ಕ್ಲಬ್ಬೊಂದು ಅಷ್ಟು ಕೆಳಗೆ ಹೋದದ್ದು ಅದೇ ಮೊದಲು. ಅಂತೂ ಒಂದು ದಾಖಲೆ ಮಾಡಿದರು. ಮರುವರ್ಷ ಎರಡನೇ ದರ್ಜೆಗೆ ಮರಳಿತಾದರೂ ಪ್ರೀಮಿಯರ್ ಲೀಗಿನ ಮುಖ ಮತ್ತೆ ಕಂಡಿಲ್ಲ.

ಇನ್ನು ಅಸಲಿ ವಿಷಯಕ್ಕೆ ಬರೋಣ. ಪುಣೆಯವರು ದುಡ್ಡು ಕೊಡಲಿಲ್ಲವೇ? ಕೊಟ್ಟರು. ಹತ್ತಾರು ಕೋಟಿ ಪೌಂಡ್ ಸುರಿದರು, ಈ ವಿಷಯದಲ್ಲಿ ಅವರನ್ನು ಜಿಪುಣರೆನ್ನುವವನು ಲೆಕ್ಕ ಬಾರದವನು. ಭಾರತದಲ್ಲಿ ಜಾರಿ ನಿರ್ದೇಶನಾಲಯದ ತನಿಖೆ ಎದುರಾದ ಮೇಲೆ ದೆಹಲಿ ಹೈಕೋರ್ಟಿನ ಅನುಮತಿ ಪಡೆದು ಹಣ ಕಳಿಸಬೇಕಾಯಿತು. ಅಂದರೆ ಬ್ಲ್ಯಾಕ್‌ಬರ್ನಿನ ಸೆಂಟರ್ ಫಾರ್ವರ್ಡ್ ಯಾರಾಗಬೇಕು ಎಂಬುದಕ್ಕೂ ದೆಹಲಿಯ ವಾಯಿದೆಗೂ ನಂಟು ಬೆಳೆಯಿತು. ಮೊದಲ ದಿನ ಅಭಿಮಾನಿಗಳು ಕೇಳಿದ್ದ ಏಕೈಕ ಪ್ರಶ್ನೆಗೆ, "ಎಷ್ಟಿದೆ?" ಎಂಬುದಕ್ಕೆ, ಮಾಲೀಕರು ಪ್ರಾಮಾಣಿಕವಾಗಿ ಉತ್ತರ ಕೊಟ್ಟಿದ್ದಾರೆ. ಬೇರೆ ಯಾವ ಪ್ರಶ್ನೆಯನ್ನೂ ಯಾರೂ ಕೇಳಿರಲಿಲ್ಲವಲ್ಲ. ಇಂಗ್ಲಿಷ್ ಫುಟ್‌ಬಾಲಿನ ಮಾಲೀಕತ್ವ ಪರೀಕ್ಷೆಯೂ ಕೇಳುವುದಿಲ್ಲ. ಶಿಕ್ಷೆ ಆಗಿದೆಯಾ, ದಿವಾಳಿ ಎದ್ದಿದ್ದೀಯಾ, ಹಣ ಎಲ್ಲಿಂದ ಎಂದು ವಿಚಾರಿಸುತ್ತದೆ. ಆಫ್‌ಸೈಡ್ ಎಂದರೇನು ಎಂಬ ಪ್ರಶ್ನೆ ಸಿಲಬಸ್ಸಿನಲ್ಲಿಲ್ಲ.

ಬೇರೆಯವರು ಇದರಿಂದ ಪಾಠ ಕಲಿತರೆಂದುಕೊಂಡಿರಾ? 2021ರಲ್ಲಿ ಸೌದಿ ಅರೇಬಿಯದ ಸರ್ಕಾರಿ ನಿಧಿ ನ್ಯೂಕ್ಯಾಸಲನ್ನು ಕೊಂಡಾಗ ಕೆಲವರು ಅರಬ್ಬರ ಹಾಗೆ ತಲೆಗೆ ಬಟ್ಟೆ ಸುತ್ತಿಕೊಂಡು ಬಂದರು. ದಯವಿಟ್ಟು ಬೇಡ ಎಂದು ಕ್ಲಬ್ಬೇ ಕೈಮುಗಿಯಬೇಕಾಯಿತು. ಮ್ಯಾಂಚೆಸ್ಟರ್ ಯುನೈಟೆಡ್‌ನ ಅಭಿಮಾನಿಗಳಿಗೆ ಅಮೆರಿಕದ ಮಾಲೀಕರು ಸಾಕಾಗಿ, ನಮ್ಮವನೇ ಆದ ಜಿಮ್ ರ‍್ಯಾಟ್ಕ್ಲಿಫ್ 2024ರಲ್ಲಿ ಪಾಲುದಾರನಾಗಿ ಬಂದ ಎಂದು ಕುಣಿದರು. ಬಂದವನು ಸಿಬ್ಬಂದಿಯ ಪುಕ್ಕಟೆ ಊಟಕ್ಕೆ ಕತ್ತರಿ ಹಾಕಿದ. 2024-25ರಲ್ಲಿ ತಂಡ ಹದಿನೈದನೇ ಸ್ಥಾನಕ್ಕೆ ಇಳಿಯಿತು. ಊಟಕ್ಕೂ ಗೋಲಿಗೂ ಸಂಬಂಧವಿಲ್ಲ ಎಂದು ಈಗ ಯಾರೂ ಖಡಾಖಂಡಿತವಾಗಿ ಹೇಳುತ್ತಿಲ್ಲ. ಇದನ್ನೆಲ್ಲ ಎತ್ತಿದರೆ ಆಶಾವಾದಿಯ ಹತ್ತಿರ ತುರುಪಿನ ಎಲೆಯೊಂದು ಸಿದ್ಧವಾಗಿರುತ್ತದೆ: "ರೆಕ್ಸಮ್ ನೋಡಪ್ಪಾ! ಸಿನಿಮಾದವರು ಕೊಂಡ್ರು, ಮೂರು ವರ್ಷ ಮೂರು ಬಡ್ತಿ." ನಿಜ. ಲಾಟರಿ ಹೊಡೆದವನ ಫೋಟೊ ಪೇಪರಿನಲ್ಲಿ ಬರುತ್ತದೆ, ಟಿಕೆಟ್ ಹರಿದು ಬಿಸಾಕಿದವರದು ಬರುವುದಿಲ್ಲ.

ನಾವೂ ತೀರಾ ನಗುವ ಹಾಗಿಲ್ಲ ಬಿಡಿ. ಹದಿನೇಳು ಸೀಸನ್ "ಈ ಸಲ ಕಪ್ ನಮ್ದೇ" ಎಂದ ಜನ ನಾವು. ನಮ್ಮ ಬೆಂಗಳೂರಿನ ಕ್ರಿಕೆಟ್ ತಂಡಕ್ಕೂ ಮೊದಲು ಸಿಕ್ಕಿದ್ದು ಬಿಯರು, ವಿಮಾನ, ಕ್ಯಾಲೆಂಡರುಗಳ ಸಾಹುಕಾರನೇ. ಕಪ್ ಬಂದದ್ದು 2025ರಲ್ಲಿ, ಆತ ದೇಶ ಬಿಟ್ಟು ಒಂಬತ್ತು ವರ್ಷವಾದ ಮೇಲೆ.

ಆದ್ದರಿಂದ, ಓದುಗ ಮಹಾಶಯರೇ, ನಾಳೆ ನಿಮ್ಮ ತಂಡವನ್ನು ಯಾರಾದರೂ ಕೊಂಡರೆ ಹಾರ ಹಾಕಿ, ಪಟಾಕಿ ಹೊಡೆಯಿರಿ, ಬೇಡವೆನ್ನುವುದಿಲ್ಲ. ಆದರೆ ಮೈಕು ಕೈಗೆ ಸಿಕ್ಕಾಗ ಎದ್ದು ನಿಂತು ಇದೊಂದನ್ನು ಕೇಳಿ: "ಸ್ವಾಮಿ, ಮೊದಲ ಸಲ 7-1ರಿಂದ ಸೋತ ಮಾರನೇ ದಿನ ತಾವು ಯಾರ ಮಾತು ಕೇಳುತ್ತೀರಿ?"