ಮೊದಲ ತುತ್ತು ಹೊಲಕ್ಕೆ

“ಅಕ್ಕಾರ, ಮೊಮ್ಮಕ್ಕಳಿಗೆ ಕ್ರಿಸ್‌ಮಸ್ ಸೂಟಿ ಬಂತು. ಬೆಂಗಳೂರಿಂದ ಬರಾಕತ್ತಾರ. ಎಲ್ಲಿ ಕರ್ಕೊಂಡು ಹೋಗೂದು ತಿಳೀವಲ್ದು. ಮಗ ಗೋವಾ ಅಂತಾನ, ಸೊಸಿ ದಾಂಡೇಲಿ ಅಂತಾಳ,” ಎಂದು ಪಕ್ಕದ ಮನೆಯ ವೈನಿ ಕಂಪೌಂಡಿನ ಆಚೆ ನಿಂತು ಹೇಳಿದರು. ನಾನು ತಡಮಾಡದೆ ಅಂದೆ: “ಎಳ್ಳ ಅಮಾಸಿಗೆ ಹೊಲಕ್ಕ ಕರ್ಕೊಂಡು ಹೋಗ್ರಿ ವೈನಿ.”

ಧಾರವಾಡದಲ್ಲೇ ಹುಟ್ಟಿ ಬೆಳೆದ ವೈನಿಗೆ ಎಳ್ಳ ಅಮಾವಾಸ್ಯೆ ಹೊಸದಲ್ಲ. ಮನೆಯಲ್ಲಿ ಹೋಳಿಗೆ ಮಾಡುತ್ತಾರೆ, ದೇವರಿಗೆ ಎಡೆ ಹಿಡಿಯುತ್ತಾರೆ. ಆದರೆ ಹೊಲದಲ್ಲಿ ಕೂತು ಉಂಡು ಎಷ್ಟು ವರ್ಷವಾಯಿತೋ ಅವರಿಗೇ ನೆನಪಿಲ್ಲ. ಮಾರ್ಗಶಿರ ಮಾಸದ ಈ ಅಮಾವಾಸ್ಯೆ ಡಿಸೆಂಬರಿನ ನಡುವಿನಿಂದ ಜನವರಿಯ ನಡುವಿನೊಳಗೆ ಬರುವುದರಿಂದ ಎಷ್ಟೋ ಸಲ ಶಾಲೆಯ ಸೂಟಿಯ ಆಸುಪಾಸಿನಲ್ಲೇ ಬೀಳುತ್ತದೆ. 2022ರಲ್ಲಿ ಡಿಸೆಂಬರ್ 23ಕ್ಕೆ ಬಂದಿತ್ತು. 2024ರಲ್ಲಂತೂ ಜನವರಿ 11ಕ್ಕೊಮ್ಮೆ, ಡಿಸೆಂಬರ್ 30ಕ್ಕೊಮ್ಮೆ ಬಂದು, ಒಂದೇ ಇಸವಿಯಲ್ಲಿ ಎರಡು ಸಲ ಹೊಲದ ಊಟ ಸಿಕ್ಕಿತು. ಪಂಚಾಂಗವೇ ಹೀಗೆ ಕರೆಯುವಾಗ ರಿಸಾರ್ಟಿನ ಬುಕಿಂಗ್ ಹುಡುಕುವುದೇಕೆ?

“ಅಲ್ರಿ ಅಕ್ಕಾರ, ನಮಗ ಈಗ ಹೊಲಾ ಎಲ್ಲೈತಿ? ಮಾವನವರ ಕಾಲಕ್ಕ ಹೋತದು.”

“ಹೊಲಾ ಇದ್ದವ್ರು ಕರೀತಾರ, ಇಲ್ಲದವ್ರು ಹೋಗ್ತಾರ. ಹಬ್ಬಾ ಇರೂದ ಅದಕ್ಕ ವೈನಿ.”

ಹೊಗಳಿಕೆಗೆ ಹೇಳಿದ ಮಾತಲ್ಲ ಇದು. ಕಲಬುರಗಿ, ಬೀದರ, ವಿಜಯಪುರದ ಕಡೆ ಹೋದವರಿಗೆ ಗೊತ್ತು, ಆ ದಿನ ಪೇಟೆಯೆಲ್ಲ ಭಣಭಣ. ಊರಿಗೆ ಊರೇ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೊರಟಿರುತ್ತದೆ. ಚಕ್ಕಡಿ ಕಡಿಮೆಯಾಗಿವೆ, ಟ್ರ್ಯಾಕ್ಟರಿನ ಟ್ರೇಲರು, ಟಂಟಂ, ಕಾರು ಬಂದಿವೆ. ಬಾಡಿಗೆಮನೆಯವರು, ಕನ್ನಡ ಶಾಲೆಯ ಮಾಸ್ತರರು, ಎಲ್ಲಿಂದಲೋ ವರ್ಗವಾಗಿ ಬಂದ ಬ್ಯಾಂಕಿನವರು, ಹೀಗೆ ಎಲ್ಲರಿಗೂ ಕರೆ. ಬದುವಿನ ಮೇಲೆ ಹಾಯ್ದು ಹೋಗುವ ಗುರುತಿಲ್ಲದ ಮನುಷ್ಯನನ್ನೂ “ಬರ್ರಿ, ಒಂದ್ ರೊಟ್ಟಿ ಉಂಡ ಹೋಗ್ರಿ” ಎನ್ನದೆ ಬಿಡುವುದಿಲ್ಲ.

ಇಷ್ಟೆಲ್ಲ ಯಾಕೆ ಎಂದು ಮೊಮ್ಮಕ್ಕಳು ಕೇಳಿಯೇ ಕೇಳುತ್ತಾರೆ. ಆಗ ಅವರಿಗೆ ಎರೆ ಮಣ್ಣಿನ ವಿಷಯ ಹೇಳಬೇಕು. ನಮ್ಮ ಎರೆ ಹೊಲಗಳಲ್ಲಿ ಹಿಂಗಾರಿ ಬೆಳೆ ನಿಲ್ಲುವುದು ಬಿತ್ತಿದ ಮೇಲೆ ಬೀಳುವ ಮಳೆಯನ್ನು ನಂಬಿಕೊಂಡಲ್ಲ. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಬಿದ್ದ ನೀರನ್ನು ಆ ಕಪ್ಪು ಮಣ್ಣು ಕುಡಿದು ಹೊಟ್ಟೆಯಲ್ಲಿ ಹಿಡಿದಿಟ್ಟಿರುತ್ತದೆ. ಬಿಳಿಜೋಳ, ಕಡಲೆ, ಕುಸುಬಿ, ಗೋದಿ ಎಲ್ಲ ಆ ಹಸಿಯ ಮೇಲೆ, ಚಳಿಗಾಲದ ಇಬ್ಬನಿಯಲ್ಲಿ ಬೆಳೆಯುತ್ತವೆ. ಅಮಾವಾಸ್ಯೆಯ ಹೊತ್ತಿಗೆ ಜೋಳ ಹೊಡೆಗೆ ಬಂದಿರುತ್ತದೆ, ಕಡಲೆ ಹೂವಾಡಿ ಕಾಯಿ ಕಟ್ಟುತ್ತಿರುತ್ತದೆ. ಭೂತಾಯಿ ಈಗ ಬಸುರಿ ಎನ್ನುತ್ತಾರೆ ನಮ್ಮ ಹೆಣ್ಣುಮಕ್ಕಳು. ಬಸುರಿಗೆ ಬಯಕೆಯ ಊಟ ಒಯ್ಯಬೇಕಲ್ಲ, ಆ ಬುತ್ತಿಯೇ ಇದು. ಹಸಿರು ಸೀರೆ, ಕುಪ್ಪಸದ ಕಣ, ಬಳೆ ಇಟ್ಟು ಉಡಿ ತುಂಬುವವರೂ ಇದ್ದಾರೆ.

ನನಗೆ ಈ ಹಬ್ಬದಲ್ಲಿ ಬಹಳ ಹಿಡಿಸುವ ಸಂಗತಿ ಒಂದಿದೆ. ಬೆಳೆ ಇನ್ನೂ ಕೈಗೆ ಬಂದಿರುವುದಿಲ್ಲ. ರಾಶಿ ಆಗಬೇಕಾದರೆ ಫೆಬ್ರವರಿಯೋ ಮಾರ್ಚೋ ಆಗಬೇಕು. ನಡುವೆ ಕೀಡಿ ಬೀಳಬಹುದು, ಅಕಾಲದ ಮಳೆ ಬರಬಹುದು, ಮಾರುಕಟ್ಟೆಯಲ್ಲಿ ದರ ಬಿದ್ದುಹೋಗಬಹುದು. ಅದೆಲ್ಲ ಗೊತ್ತಿದ್ದೂ ಒಕ್ಕಲಿಗ ಈಗಲೇ ಕೊಟ್ಟುಬಿಡುತ್ತಾನೆ. ಚೀಲ ಎಣಿಸಿ, ಸಾಲ ಕಳೆದು, ಉಳಿದದ್ದರಲ್ಲಿ ಇಷ್ಟು ದೇವರಿಗೆ ಎಂದು ಲೆಕ್ಕ ಹಾಕುತ್ತ ಕೂರುವುದಿಲ್ಲ.

ಅಡಿಗೆಯ ಸಂಭ್ರಮ ಹಿಂದಿನ ದಿನವೇ ಶುರು. ಸಜ್ಜೆ ರೊಟ್ಟಿ ಬಡಿಯುವಾಗ ಹುಡುಗರನ್ನು ಹತ್ತಿರ ಕೂರಿಸಿಕೊಳ್ಳಿ ಎಂದು ವೈನಿಗೆ ಹೇಳಿದೆ. ಸಜ್ಜೆ ಹಿಟ್ಟಿಗೆ ಜಿಗುಟು ಕಡಿಮೆ, ಕುದಿನೀರು ಹಾಕಿ ನಾದಿದರೂ ಅಂಚು ಬಿರುಕು ಬಿಡುತ್ತದೆ. ಒಂದು ಅಂಗೈಯಿಂದ ಬಡಿಯುತ್ತ, ಇನ್ನೊಂದು ಕೈಯಿಂದ ಅಂಚನ್ನು ಒಳಕ್ಕೆ ಒತ್ತಿಕೊಳ್ಳುತ್ತ ತಿರುಗಿಸಬೇಕು. ಮೇಲೆ ಎಳ್ಳು ಚೆಲ್ಲಿ, ನೀರು ಮುಟ್ಟಿಸಿದ ಅಂಗೈಯಿಂದ ಮೆಲ್ಲಗೆ ಒತ್ತಿದರೆ ಎಳ್ಳು ಹಿಟ್ಟಿಗೆ ಕಚ್ಚಿಕೊಳ್ಳುತ್ತದೆ. ಎಳ್ಳು ಒತ್ತುವ ಆ ಕೆಲಸ ಎಂಟು ವರ್ಷದ ಹುಡುಗನೂ ಮಾಡಬಹುದಾದದ್ದು. ಜೊತೆಗೆ ಶೇಂಗಾ ಹೋಳಿಗೆ, ಎಳ್ಳು ಹೋಳಿಗೆ, ಕಡುಬು, ಎಣ್ಣೆಗಾಯಿ, ಪುಂಡಿಪಲ್ಯ, ಅಗಸಿ ಹಿಂಡಿ, ಕೆನೆಮೊಸರು. ಕಲಬುರಗಿ, ಬೀದರದವರಿಗೆ ಭಜ್ಜಿ ಇಲ್ಲದೆ ಅಮಾವಾಸ್ಯೆ ಇಲ್ಲ. ಎಣ್ಣೆಯಲ್ಲಿ ಕರಿದ ಭಜಿ ಅಲ್ಲ ಅದು. ಹಸಿ ಕಡಲೆ, ತೊಗರಿ, ಅವರೆ, ಹತ್ತಾರು ಬಗೆಯ ಸೊಪ್ಪು ಹಾಕಿ ದೊಡ್ಡ ಪಾತ್ರೆಯಲ್ಲಿ ಕುದಿಸಿದ ಪಲ್ಯ. ಜೊತೆಗೆ ಜೋಳದ ಅಂಬಲಿ. ಆ ಭಜ್ಜಿಯನ್ನು ನಾಲ್ಕು ಜನರಿಗೆಂದು ಮಾಡಲು ಬರುವುದೇ ಇಲ್ಲ, ಮಾಡಿದರೆ ಓಣಿಗೆಲ್ಲ ಆಗಬೇಕು.

ಹೊಲಕ್ಕೆ ಹೋದ ಮೇಲೆ ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲು ತೊಳೆದಿಟ್ಟು ಪೂಜೆ. ಪಾಂಡವರು ಎನ್ನುತ್ತಾರೆ ಅವಕ್ಕೆ. ಎಡೆ ಆದ ಮೇಲೆ ಎಲ್ಲ ಅಡಿಗೆಯನ್ನೂ ಕಲಸಿ ಒಂದು ಬುಟ್ಟಿಗೆ ಹಾಕಿ ಹೊಲದ ಸುತ್ತ ಚರಗ ಚೆಲ್ಲುತ್ತಾರೆ. ಮುಂದೆ ಒಬ್ಬರು “ಹುಲ್ಲುಲ್ಲಿಗೋ” ಎಂದು ಕೂಗುತ್ತ ಚೆಲ್ಲಿದರೆ ಹಿಂದಿನವರು ನೀರು ಚಿಮುಕಿಸುತ್ತ “ಚಲ್ಲಂಬರಿಗೋ” ಎನ್ನುತ್ತಾರೆ. ಊರಿಂದೂರಿಗೆ ಕೂಗು ಒಂದಿಷ್ಟು ಬೇರೆಯಾದೀತು. ಹೋದ ಸಲ ನಮ್ಮ ಅತ್ತೆಯ ಊರಿನಲ್ಲಿ ನೀರಿನ ತಂಬಿಗೆ ಹುಡುಗಿಯೊಬ್ಬಳ ಕೈಗೆ ಬಂತು. ಅವಳ ತಮ್ಮನಿಗೂ ಚರಗ ಚೆಲ್ಲಬೇಕೆಂಬ ಹಟ. ಮೊದಲ ಮುಷ್ಟಿಯನ್ನು ಅವನು ಕ್ರಿಕೆಟ್ ಚೆಂಡು ಎಸೆದಂತೆ ದೂರ ಎಸೆದ. ಅಜ್ಜ ಗದರಲಿಲ್ಲ. ಪುಟ್ಟ ಕೈಯನ್ನು ತನ್ನ ಕೈಯೊಳಗೆ ಹಿಡಿದು, ಬೆರಳು ಸಡಿಲಿಸಿ, “ಹೀಂಗ, ಕೊಟ್ಟಂಗ ಬಿಡಬೇಕು” ಎಂದು ತೋರಿಸಿದರು. ಆಮೇಲೆ ಆ ಹುಡುಗ ಹೊಲದ ಕೊನೆಯವರೆಗೂ ಹಾಗೆಯೇ ಬಗ್ಗಿ ಬಗ್ಗಿ ಬಿಡುತ್ತ ಹೋದ. ಶಾಲೆಯ ಪಾಠದಲ್ಲಿ ಕೃತಜ್ಞತೆಯ ಮೇಲೆ ಪ್ರಬಂಧ ಬರೆಸುತ್ತಾರೆ, ಬೇಡವೆನ್ನುವುದಿಲ್ಲ. ಆದರೆ ಕೈಗೆ ಹತ್ತಿದ್ದು ಬೇರೆ.

“ಅಷ್ಟು ಅನ್ನಾ ಮಣ್ಣಾಗ ಹಾಕೂದು ದಂಡ ಅಲ್ಲೇನ್ರಿ?” ಎಂದರು ವೈನಿ. ಸೊಸೆ ಕೇಳುವ ಪ್ರಶ್ನೆಯನ್ನು ಮೊದಲೇ ಕೇಳಿಟ್ಟುಕೊಂಡರು ಎನಿಸಿತು. ಕೇಳಬೇಕಾದ ಪ್ರಶ್ನೆಯೇ. ಚರಗ ತಿನ್ನಲು ಇರುವೆ ಬರುತ್ತವೆ, ಅಳಿಲು ಬರುತ್ತವೆ, ಗೊರವಂಕ, ಕಾಗೆ ಬರುತ್ತವೆ. ಬಂದ ಹಕ್ಕಿ ಅನ್ನ ತಿಂದು ಸುಮ್ಮನೆ ಹೋಗುವುದಿಲ್ಲ, ಕಡಲೆಗೆ ಬಿದ್ದ ಕೀಡಿಯನ್ನೂ ಹೆಕ್ಕುತ್ತದೆ. ಕಾಯಿ ಕೊರೆಯುವ ಕೀಡಿಗೆಂದು ಕಡಲೆ ಹೊಲದಲ್ಲಿ ಚುರಮರಿ ಚೆಲ್ಲಿ ಹಕ್ಕಿ ಕರೆಯುವ ರೈತರು ಈಗಲೂ ಇದ್ದಾರೆ. ಹಕ್ಕಿ ಕೂರಲು ನಡುನಡುವೆ ಕವಲುಕೋಲು ನೆಡುತ್ತಾರೆ. ಆದರೆ ಪ್ರಯೋಜನ ಇದೆಯೆಂದೇ ಚರಗ ಚೆಲ್ಲುವುದು ಎಂದು ಮಕ್ಕಳಿಗೆ ಹೇಳಿಕೊಡಬೇಡಿ. ಆ ಹೊಲದಲ್ಲಿ ನಮಗಿಂತ ಮೊದಲಿದ್ದವರು ಇರುವೆ, ಹಕ್ಕಿಗಳು. ಅವು ಉಂಡ ಮೇಲೆ ನಾವು ಉಣ್ಣುವುದು ಮರ್ಯಾದೆ.

‘ಮೊದಲು’, ‘ಆಮೇಲೆ’ ಎನ್ನುವುದರಲ್ಲೇ ಎಲ್ಲ ಇದೆ. ಹಿಂದೆ ಎಷ್ಟೋ ಮನೆಗಳಲ್ಲಿ ಅಕ್ಕಿಯನ್ನೋ ಜೋಳವನ್ನೋ ಅಡಿಗೆಗೆ ಅಳೆಯುವ ಮುಂಚೆ ಒಂದು ಮುಷ್ಟಿ ಬೇರೆ ಗಡಿಗೆಗೆ ಹಾಕುತ್ತಿದ್ದರು. ಮಠಕ್ಕೋ ಜಂಗಮರಿಗೋ ಬಡವರಿಗೋ ಅದು ಹೋಗುತ್ತಿತ್ತು. ನಮ್ಮ ಓಣಿಯ ಮುಸ್ಲಿಮರ ಮನೆಯಲ್ಲಿ ರಂಜಾನ್ ಹಬ್ಬದ ನಮಾಜಿಗೆ ಹೊರಡುವ ಮುಂಚೆಯೇ ಫಿತ್ರಾ ದಾನ ಕೊಟ್ಟು ಮುಗಿಸುತ್ತಾರೆ. ಮನೆಯ ಪ್ರತಿಯೊಬ್ಬರ ಲೆಕ್ಕದಲ್ಲೂ, ತೊಟ್ಟಿಲ ಕೂಸಿನ ಹೆಸರಿನಲ್ಲೂ ಕೊಡಬೇಕು. ಬಡವನ ಮನೆಯಲ್ಲೂ ಅಂದು ಹಬ್ಬ ಆಗಬೇಕೆಂಬುದಕ್ಕೆ. ಮಂಗಳೂರಿನ ಕಥೋಲಿಕರ ಮನೆಯಿಂದ ಕ್ರಿಸ್‌ಮಸ್ಸಿಗೆ ಕುಸ್ವಾರ ಎಂಬ ಹಬ್ಬದ ತಿಂಡಿಗಳ ತಟ್ಟೆ ಜಾತಿ, ಧರ್ಮ ಕೇಳದೆ ನೆರೆಮನೆಗಳಿಗೆ ಹೋಗುತ್ತದೆ. ಮಲೆನಾಡಿನಲ್ಲಿ ಭೂಮಿ ಹುಣ್ಣಿಮೆಗೆ ದೀವರ ಸಮುದಾಯದ ಹೆಣ್ಣುಮಕ್ಕಳು ಚಿತ್ತಾರ ಬರೆದ ಭೂಮಣ್ಣಿ ಬುಟ್ಟಿಯಲ್ಲಿ ಗದ್ದೆಗೆ ಊಟ ಒಯ್ಯುತ್ತಾರೆ. ಇದನ್ನೆಲ್ಲ ಕಂಡವರು ಹಬ್ಬ ಮುಗಿದ ಮೇಲೆ ಫ್ರಿಜ್ಜಿನಲ್ಲಿ ಉಳಿದದ್ದನ್ನು ಕೆಲಸದವಳಿಗೆ ಕಟ್ಟಿಕೊಟ್ಟು ದಾನ ಎನ್ನಲಾರರು.

ಕೆಲಸದವರ ಮಾತು ಬಂತಲ್ಲ, ಅದನ್ನು ಬಿಚ್ಚಿಯೇ ಹೇಳುತ್ತೇನೆ. ಹೊಲಕ್ಕೆ ಕೃತಜ್ಞತೆ ಹೇಳಿ ಹೊಲದಲ್ಲಿ ದುಡಿದವರನ್ನು ಮರೆತರೆ ಆ ಚರಗ ಅರ್ಧವೇ. ಶ್ರಾವಣದ ಕೆಸರಿನಲ್ಲಿ ಕಸ ತೆಗೆದವರು, ಹತ್ತಿ ಬಿಡಿಸಿ ಬೆರಳು ಗೀರಿಸಿಕೊಂಡವರು, ತೊಗರಿ ಕೊಯ್ದವರು ಯಾರು? ಬಹುಪಾಲು ಹೆಣ್ಣುಮಕ್ಕಳು, ಬಹುಪಾಲು ಸ್ವಂತ ಹೊಲವಿಲ್ಲದವರು. ಹಿಂದಿನ ಕಾಲದ ಹಬ್ಬವನ್ನು ಹಾಡಿ ಹೊಗಳುವವರು ಒಂದನ್ನು ನೆನಪಿಡಬೇಕು: ಇದೇ ಬನ್ನಿ ಗಿಡದ ಕೆಳಗೆ ಕೆಲವರು ದೂರ ಕೂತು ಉಣ್ಣಬೇಕಾಗಿತ್ತು, ಮೇಲಿಂದ ಹಾಕಿಸಿಕೊಳ್ಳಬೇಕಾಗಿತ್ತು. ಕೆಲವು ಕಡೆ ಇಂದಿಗೂ ಪಂಕ್ತಿ ಎರಡು. ಅಂಥ ಕಡೆಗೆ ಮೊಮ್ಮಕ್ಕಳನ್ನು ಕರೆದೊಯ್ಯಬೇಡಿ. ಅಥವಾ ಕರೆದೊಯ್ದು, ನೀವೇ ಎದ್ದು ಹೋಗಿ ಅವರ ಸಾಲಿನಲ್ಲಿ ಕೂತು ಉಣ್ಣಿರಿ. ಮಕ್ಕಳು ನೋಡಿ ಕಲಿಯುತ್ತಾರೆ.

ಇನ್ನೊಂದು, ಕೂಲಿಯ ಬಾಕಿ. ಎರಡು ವಾರದ ಕೂಲಿ ಉಳಿಸಿಕೊಂಡು ಎರಡು ಹೋಳಿಗೆ ಕೊಟ್ಟರೆ ಅದನ್ನು ಉಪಕಾರ ಎನ್ನಲು ಬಾಯಿ ಬರುವುದಿಲ್ಲ. ಲೆಕ್ಕ ಮೊದಲು ಚುಕ್ತಾ ಆಗಲಿ, ಆಮೇಲೆ ಬುತ್ತಿ ಬಿಚ್ಚೋಣ. ಪೇಟೆಯ ಮನೆಗಳಿಗೂ ಇದೇ ಮಾತು. ವೈನಿಯ ಮನೆಗೆ ಭಾಂಡೆ ತಿಕ್ಕಲು ಬರುವ ಬಾಯಿಯ ತವರುಮನೆಯಲ್ಲೂ ಅಮಾವಾಸ್ಯೆ ಇದೆ. ಆದರೆ ನಮ್ಮ ಮನೆಗಳಲ್ಲಿ ಹಬ್ಬವಿದ್ದ ದಿನವೇ ಭಾಂಡೆ ಹೆಚ್ಚು, ಅವಳಿಗೆ ರಜೆ ಇಲ್ಲ. ಅವಳಿಗೆ ಸೀರೆ ಕೊಡುವುದಕ್ಕಿಂತ ಮೊದಲು ಪಗಾರ ಕಡಿಯದೆ ಎರಡು ದಿನ ಸೂಟಿ ಕೊಡಿ, ಅವಳೂ ಮಕ್ಕಳನ್ನು ಕರೆದುಕೊಂಡು ಹೊಲಕ್ಕೆ ಹೋಗಲಿ ಎಂದೆ. ವೈನಿ ಸ್ವಲ್ಪ ಹೊತ್ತು ಸುಮ್ಮನಿದ್ದು, “ಭಾಂಡೆ ಯಾರ ತಿಕ್ಕಬೇಕ್ರಿ?” ಎಂದರು. “ಮೊಮ್ಮಕ್ಕಳು!” ಎಂದೆ. ತಮಾಷೆಗಲ್ಲ. ಉಂಡ ತಾಟು ತಾನೇ ತೊಳೆದ ಮಗುವಿಗೆ ವರ್ಷವಿಡೀ ತೊಳೆಯುವವಳ ಕೈ ಹೇಗಿದ್ದೀತೆಂಬುದು ತಿಳಿಯುತ್ತದೆ.

ಸೂಟಿ ಮುಗಿದ ಮೇಲೂ ದಾರಿ ಇದೆ. ಅಮಾವಾಸ್ಯೆಯಾಗಿ ಎರಡು ವಾರ ದಾಟುವಷ್ಟರಲ್ಲಿ, ಪುಷ್ಯ ಬಹುಳ ಬಿದಿಗೆಗೆ, ಕೊಪ್ಪಳದ ಗವಿಸಿದ್ಧೇಶ್ವರ ಜಾತ್ರೆಯ ತೇರು. ಅಲ್ಲಿಯ ಮಹಾದಾಸೋಹಕ್ಕೆ ಸುತ್ತಲಿನ ಹಳ್ಳಿಗಳಿಂದ ಜೋಳದ ರೊಟ್ಟಿ ಚಕ್ಕಡಿ, ಟ್ರ್ಯಾಕ್ಟರುಗಳಲ್ಲಿ ಬರುತ್ತದೆ, ಲಕ್ಷಗಟ್ಟಲೆ. ಯಾವ ಒಬ್ಬ ಸಾಹುಕಾರನ ದೇಣಿಗೆಯೂ ಅಲ್ಲ, ಒಂದೊಂದು ಮನೆಯವರು ಕೈಲಾದಷ್ಟು ಬಡಿದು ಒಣಗಿಸಿ ಕೊಟ್ಟದ್ದು. ಖಡಕ್ ರೊಟ್ಟಿ ಬೇಗ ಕೆಡುವುದಿಲ್ಲ, ಆದ್ದರಿಂದ ಬಿಡುವಾದಾಗ ಬಡಿದು ಕಟ್ಟಿಡಬಹುದು. ಹೊಲವಿಲ್ಲದ, ಹೊಲಕ್ಕೆ ಕರೆಯುವವರೂ ಇಲ್ಲದ ಮನೆಯವರು ಇದನ್ನು ಮಾಡಬಹುದಲ್ಲ! ಕೊಪ್ಪಳ ದೂರವಾದರೆ ನಿಮ್ಮ ಊರಿನ ಉಚಿತ ಪ್ರಸಾದ ನಿಲಯವೋ, ಅನಾಥಾಲಯವೋ, ಸರಕಾರಿ ಆಸ್ಪತ್ರೆಯ ಹೊರಗೆ ರೋಗಿಯ ಕಡೆಯವರು ಕೂತ ಕಟ್ಟೆಯೋ ಇದ್ದೇ ಇದೆ. ಅವರಿಗೆ ಏನು ಬೇಕೆಂದು ಮೊದಲು ಕೇಳಿ ಒಯ್ದರೆ ಇನ್ನೂ ಒಳ್ಳೆಯದು. ಮಕ್ಕಳೇ ಕೇಳಲಿ, ಮಕ್ಕಳೇ ಕೊಡಲಿ. ಆ ಹೊತ್ತಿನಲ್ಲಿ ಫೋಟೋ ಮಾತ್ರ ಬೇಡ. ಉಣ್ಣುವವರ ಮುಖ ನಮ್ಮ ಮೊಬೈಲಿಗೆ ಸೇರಿದ್ದಲ್ಲ.

ವೈನಿ ಮಗನಿಗೆ ಫೋನು ಮಾಡುತ್ತೇನೆಂದು ಒಳಗೆ ಹೋದರು. ಗೋವಾ ಎಲ್ಲಿಯೂ ಓಡಿಹೋಗುವುದಿಲ್ಲ, ಬೇಸಿಗೆಗೂ ಇರುತ್ತದೆ.

ಹೊಲ ಇದ್ದವರಲ್ಲಿ ನನ್ನದೊಂದು ಬೇಡಿಕೆ. ಈ ಅಮಾವಾಸ್ಯೆಗೆ ಬುತ್ತಿಗೆ ಇನ್ನೊಂದಿಷ್ಟು ರೊಟ್ಟಿ ಹೆಚ್ಚಿಗೆ ಕಟ್ಟಿರಿ. ಪೇಟೆಯಲ್ಲಿ ನಿಮಗೆ ಗುರುತಿನ ಒಂದು ಮನೆಗೆ, ಹೊಲ ಕಂಡೇ ಇರದ ಮಕ್ಕಳಿರುವ ಮನೆಗೆ, ಇಂದೇ ಫೋನು ಮಾಡಿ ಬರಹೇಳಿರಿ. ನಿಮ್ಮ ಹೊಲದಲ್ಲಿ ಈ ವರ್ಷ ಕಸ ತೆಗೆದ ಹೆಣ್ಣುಮಕ್ಕಳ ಮನೆಗೂ ಹೋಗಿ, ಬಾಗಿಲಲ್ಲಿ ನಿಂತು, ಮಕ್ಕಳುಮರಿ ಸಮೇತ ಊಟಕ್ಕೆ ಬರ್ರಿ ಎಂದು ಕರೆಯಿರಿ.