ನೆನೆಹಾಕು ಮಾವ

ಹೊಸ ಬಟ್ಟೆ ಕಂಡರೆ ಜನ ಬಣ್ಣ ನೋಡುತ್ತಾರೆ, ಬೆಲೆ ಕೇಳುತ್ತಾರೆ. ನೆನೆಹಾಕು ಮಾವ ಕೇಳುವುದು ಒಂದೇ: "ನೀರು ಕಾಣಿಸಿದ್ದೀರೋ, ಇಲ್ಲವೋ?" ದೊಡ್ಡ ಬಳಗದಲ್ಲೆಲ್ಲ ಇಂಥವರು ಒಬ್ಬರಿರುತ್ತಾರೆ. ನಿವೃತ್ತರು, ಖಾದಿ ಜುಬ್ಬಾದವರು, ಹೇಳಿದ್ದನ್ನೇ ಹೇಳಲು ಬೇಸರವಿಲ್ಲದವರು.

ಗಾಂಧಿ ಜಯಂತಿಯ ರಿಯಾಯಿತಿ ಶುರುವಾಯಿತೆಂದರೆ ಕೈಗೆ ಸಿಕ್ಕ ಹುಡುಗನೊಬ್ಬನನ್ನು ಖಾದಿ ಭಂಡಾರಕ್ಕೆ ಎಳೆದೊಯ್ಯುತ್ತಾರೆ. "ಜುಬ್ಬಾಗೆ ಎರಡೂವರೆ ಮೀಟರ್ ಸಾಕು ಸಾರ್" ಎಂದರೆ, "ನನಗೆ ಸಾಕಪ್ಪಾ, ನೀರಿಗೆ ಸಾಲಲ್ಲ" ಎನ್ನುತ್ತಾರೆ. ಹಿಂದೆ ಬಿಲ್ಲಿಗೆ ನಿಂತವರ ಸಾಲು ಬೆಳೆಯುತ್ತಿದ್ದರೂ ಪಾಠ ನಿಲ್ಲುವುದಿಲ್ಲ. ಮಗ್ಗದ ಮೇಲೆ ಹಾಸಿನ ನೂಲನ್ನು ಬಿಗಿಯಾಗಿ ಎಳೆದು ಕಟ್ಟಿರುತ್ತಾರೆ; ನೀರು ಕುಡಿದ ಹತ್ತಿಯ ಎಳೆ ಉಬ್ಬುತ್ತದೆ, ಬಿಗಿ ಸಡಿಲುತ್ತದೆ, ನೂಲು ಡೊಂಕಾಗಿ ತನ್ನ ಸಹಜ ಅಳತೆಗೆ ಮರಳುತ್ತದೆ. ಜುಬ್ಬಾ ಅಗಲಕ್ಕಿಂತ ಉದ್ದದಲ್ಲಿ ಹೆಚ್ಚು ಕುಗ್ಗುವುದು ಅದಕ್ಕೇ. ನೀರು ಕಾಣದ ಹತ್ತಿ ಬಟ್ಟೆ ನೂರಕ್ಕೆ ಐದರಿಂದ ಹತ್ತರಷ್ಟು ಕುಗ್ಗಿದರೂ ಆಶ್ಚರ್ಯವಿಲ್ಲ. ಅವರು ಹೇಳುವುದರಲ್ಲಿ ಒಂದಕ್ಷರ ತಪ್ಪಿರುವುದಿಲ್ಲ. ಸಿಟ್ಟು ಬರುವುದೂ ಅದಕ್ಕೇ.

ಮದುವೆಮನೆಯಲ್ಲಂತೂ ಅವರನ್ನು ಹಿಡಿಯುವವರಿಲ್ಲ. ಧಾರೆಗೆ ಇನ್ನೇನು ಅರ್ಧ ಗಂಟೆ ಇದೆ ಎನ್ನುವಾಗ, ಮೈಸೂರು ಸಿಲ್ಕ್ ಉಟ್ಟು ಅರಿಶಿನ ಕುಂಕುಮದ ತಟ್ಟೆ ಹಿಡಿದು ಓಡಾಡುತ್ತಿದ್ದ ಸೋದರ ಸೊಸೆಯನ್ನು ಒಮ್ಮೆ ಅಡ್ಡಗಟ್ಟಿದರು.

"ಫಾಲ್ ನೆನೆಸಿ ಹಚ್ಚಿಸಿದ್ದೀಯೇನಮ್ಮಾ?"

"ಇದು ಡ್ರೈಕ್ಲೀನಿಂಗಿಗೆ ಹೋಗೋ ಸೀರೆ ಮಾವ. ನೀರೇ ಮುಟ್ಟಿಸಲ್ಲ."

"ಸಾರು ಚೆಲ್ಲಿದರೆ?"

ಉತ್ತರಕ್ಕೂ ಕಾಯದೆ ಕನ್ನಡಕವನ್ನು ಹಣೆಗೇರಿಸಿ, ಬಗ್ಗಿ, ಸೀರೆಯ ಅಂಚು ಮಗುಚಿ ನೋಡತೊಡಗಿದರು. ಫಾಲ್ ಹತ್ತಿಯದು, ಸೀರೆ ರೇಷ್ಮೆಯದು. ಮೊದಲ ಒಗೆತಕ್ಕೆ ಎರಡೂ ಒಂದೇ ಅಳತೆಯಲ್ಲಿ ಕುಗ್ಗುವುದಿಲ್ಲವಾದ್ದರಿಂದ ಅಂಚು ಸುರುಟಿಕೊಳ್ಳುತ್ತದೆ ಎಂದು ವಿವರಿಸುವಷ್ಟರಲ್ಲಿ ಸುತ್ತ ನಾಲ್ಕಾರು ಹೆಂಗಸರು ಸೇರಿ ತಮ್ಮ ತಮ್ಮ ಸೆರಗು ಬಿಟ್ಟು ಅಂಚು ನೋಡಿಕೊಳ್ಳತೊಡಗಿದ್ದರು. ಒಬ್ಬರ ಸೀರೆಯಲ್ಲಿ ಅಂಚು ನಿಜಕ್ಕೂ ಸುರುಟಿತ್ತು. ಮಾವನ ಮುಖ ಮದುಮಗನ ಮುಖಕ್ಕಿಂತ ಹೆಚ್ಚು ಅರಳಿತು. ಮುಹೂರ್ತಕ್ಕೆ ತಟ್ಟೆ ತಲುಪಿದ್ದು ಪುರೋಹಿತರು ಎರಡು ಸಲ ಕೂಗಿದ ಮೇಲೆ.

ಅವರ ಮನೆದೇವರು ವೆಂಕಟರಮಣನಾದರೂ ಮನಸ್ಸಿನಲ್ಲಿ ಪೂಜೆ ಸಲ್ಲುವುದು ಅಮೆರಿಕದ ಸ್ಯಾನ್‌ಫರ್ಡ್ ಕ್ಲೂಯೆಟ್ ಎಂಬಾತನಿಗೆ. ಬಟ್ಟೆಯನ್ನು ದಪ್ಪ ಪಟ್ಟಿಯ ಮೇಲೆ ಹಾಯಿಸಿ, ಹಿಗ್ಗಿದ ಪಟ್ಟಿ ಕುಗ್ಗುವಾಗ ಬಟ್ಟೆಯನ್ನೂ ಗಿರಣಿಯಲ್ಲೇ ಕುಗ್ಗಿಸಿಬಿಡುವ ಯಂತ್ರವನ್ನು 1930ರ ಸುಮಾರಿಗೆ ತಂದ ಪುಣ್ಯಾತ್ಮ. 'ಸ್ಯಾನ್‌ಫರೈಸ್ಡ್' ಎಂಬ ಮುದ್ರೆ ಆತನ ಹೆಸರಿನದೇ. ಹಾಗಾದರೆ ಗಿರಣಿ ಬಟ್ಟೆಯನ್ನೇ ಕೊಳ್ಳಬಹುದಲ್ಲ ಎಂದು ಕೇಳಿದವರಿಗೆ ಮಾವ ಉತ್ತರ ಕೊಡುವುದಿಲ್ಲ. ಜುಬ್ಬಾದ ತೋಳು ಸರಿಪಡಿಸಿಕೊಳ್ಳುತ್ತಾರೆ.

ಉಣ್ಣೆಯ ವಿಷಯ ಎತ್ತಿದರೆ ಮಾತ್ರ ಅವರ ದನಿ ಕುಗ್ಗುತ್ತದೆ. ಹೊರದೇಶದಲ್ಲಿರುವ ಮಗಳು ಗಂಡನ ಸ್ವೆಟರನ್ನು ಮೆಷಿನ್ನಿನ ಬಿಸಿನೀರಿಗೆ ಹಾಕಿ, ಡ್ರೈಯರಿನಲ್ಲೂ ಒಣಗಿಸಿದ್ದಳು. ಹೊರಬಂದದ್ದು ಮೊಮ್ಮಗನ ಅಳತೆಯ ಸ್ವೆಟರು. ಉಣ್ಣೆಯ ಎಳೆಯ ಮೇಲೆ ಕಣ್ಣಿಗೆ ಕಾಣದ ಹುರುಪೆಗಳಿರುತ್ತವೆ. ಬಿಸಿ, ಸೋಪು, ತಿಕ್ಕಾಟ ಸೇರಿದರೆ ಒಂದಕ್ಕೊಂದು ಸಿಕ್ಕಿಕೊಂಡು ಗಟ್ಟಿಯಾಗುತ್ತವೆ, ಮತ್ತೆ ಬಿಡಿಸಲಾಗದು. ತಣ್ಣೀರು, ಮೃದುವಾದ ಸೋಪು, ಹಿಂಡದೆ ಟವೆಲ್ಲಿನ ಮೇಲೆ ಹರವಿ ನೆರಳಿನಲ್ಲಿ ಆರಿಸುವುದು, ಇಷ್ಟನ್ನು ಫೋನಿನಲ್ಲಿ ಹೇಳಿ ಮುಗಿಸಿದಾಗ ಅಲ್ಲಿ ನಡುರಾತ್ರಿಯಾಗಿತ್ತು.

ಈ ಚಾಳಿ ಬಂದದ್ದು ಅವರಮ್ಮನಿಂದ. ಜೂನ್‌ನಲ್ಲಿ ಶಾಲೆ ಶುರುವಾಗುವ ಮುಂಚೆ ಆಕೆ ಸಮವಸ್ತ್ರದ ಖಾಕಿ ಬಟ್ಟೆಯನ್ನು, ಹೊಲಿಯಲು ಕೊಡುವ ಹಿಂದಿನ ರಾತ್ರಿಯೇ ನೆನೆಹಾಕುತ್ತಿದ್ದರು. ಟೈಲರಿಗೆ ಹೇಳಿ ಚಡ್ಡಿಯ ಒಳಗೆ ಎರಡು ಇಂಚು ಮಡಿಕೆ ಬಿಡಿಸುತ್ತಿದ್ದರು. ಮರುವರ್ಷ ಮಡಿಕೆ ಬಿಚ್ಚಿದರೆ ಹಳೆಯ ಚಡ್ಡಿಯ ಕೆಳಗೆ ಆ ಪಟ್ಟಿಯಷ್ಟೇ ಹೊಸ ಬಣ್ಣ. ತರಗತಿಯ ಅರ್ಧ ಹುಡುಗರ ಕಾಲಲ್ಲಿ ಅದೇ ಪಟ್ಟಿ ಇರುತ್ತಿದ್ದುದರಿಂದ ಯಾರೂ ನಗುತ್ತಿರಲಿಲ್ಲ. ಬಟ್ಟೆ ಕುಗ್ಗಿದರೆ, ಹುಡುಗ ಬೆಳೆದರೆ, ಮನೆಯ ಲೆಕ್ಕ ತಪ್ಪುತ್ತಿದ್ದ ಕಾಲ ಅದು.

ದೀಪಾವಳಿಗೆ ಜುಬ್ಬಾ ಹೊಲಿಸುವವರು ಅಂಗಡಿಯವರು ಹೇಳಿದ್ದಕ್ಕೆ ಕಾಲು ಮೀಟರ್ ಸೇರಿಸಿಕೊಳ್ಳಿ. ಹೊಲಿಯಲು ಕೊಡುವ ಮುನ್ನ ಬಟ್ಟೆಯನ್ನು ನೆನೆಸಿ, ಆರಿಸಿ. ಲೈನಿಂಗು, ಫಾಲ್, ಲಂಗದ ಬಟ್ಟೆಗೂ ಇದೇ ಮಾತು. ಮಾವ ಬಂದು ಕೇಳುವ ಮೊದಲೇ ಮಾಡಿಬಿಟ್ಟರೆ ಒಳ್ಳೆಯದು, ಇಲ್ಲದಿದ್ದರೆ ಕಾಫಿಯ ಜೊತೆ ಪಾಠವನ್ನೂ ಕುಡಿಯಬೇಕಾಗುತ್ತದೆ.